ಸೋಮವಾರದ ಪಾಚಿ

ಆಸ್ಪತ್ರೆಯಲ್ಲಿ ನನ್ನ ಹೆಂಡತಿ ದಿನವೂ ಕೇಳುತ್ತಿದ್ದದ್ದು ಒಂದೇ ಮಾತು: "ಮೀನಿಗೆ ಹಾಕಿದ್ರಾ?"

ಶಿವಮೊಗ್ಗದಲ್ಲಿ ಅವಳು ಹದಿನೆಂಟು ದಿನ ಮಲಗಿದ್ದಳು. ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದಿತ್ತು. ನಾನು ದಿನ ಬಿಟ್ಟು ದಿನ ರೈಲಿನಲ್ಲಿ ಬೀರೂರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಕಡೂರಿನ ಮನೆಗೆ ಹೋಗಿ, ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ, ಮೀನಿಗೆ ಹಾಕಿ ವಾಪಸ್ಸು ಹೋಗುತ್ತಿದ್ದೆ. ಬಟ್ಟೆ ಬದಲಾಯಿಸುವುದನ್ನು ಒಂದು ದಿನವೂ ಮರೆಯಲಿಲ್ಲ. ಮೀನಿಗೆ ಹಾಕುವುದನ್ನು ಮೂರು ಸಲ ಮರೆತೆ. ಮೂರು ಸಲವೂ "ಹಾಕ್ದೆ ಕಣೇ" ಎಂದೆ. ಮುಂದಿನ ಸಲ ಬಂದಾಗ ಎರಡು ಪಟ್ಟು ಹಾಕಿದೆ. ಮೀನಿಗೆ ನಿನ್ನೆಯ ಊಟವನ್ನು ಇವತ್ತು ಕೊಡಲು ಬರುವುದಿಲ್ಲ ಎಂದು ಆಗ ಗೊತ್ತಿರಲಿಲ್ಲ.

ಕೊನೆಯ ದಿನವೂ ಕೇಳಿದಳು. ಹಾಕಿದ್ದೇನೆ ಎಂದೆ. ಅವತ್ತು ನಿಜವಾಗಿಯೂ ಹಾಕಿದ್ದೆ. "ನೋಡ್ಕೊಳ್ಳಿ ಅವನ್ನ" ಎಂದಳು. "ಆಯ್ತು" ಎಂದೆ. ನಮ್ಮಿಬ್ಬರ ನಡುವೆ ನಡೆದ ಕೊನೆಯ ಮಾತು ಅಷ್ಟೇ. ಬೇರೆ ಏನಾದರೂ ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ. ಹೀಗೆ ಐದು ಗೋಲ್ಡ್‌ಫಿಶ್ ನನ್ನ ಪಾಲಿಗೆ ಬಂದವು. ನಾಲ್ಕು ಕೆಂಪು, ಒಂದು ಕಪ್ಪು.

ನಾನು ಬೀರೂರು ಸ್ಟೇಷನ್ನಿನಲ್ಲಿ ಹಳಿ ಬದಲಿಸಿ ಬಾವುಟ ತೋರಿಸುವ ಪಾಯಿಂಟ್ಸ್‌ಮನ್ ಆಗಿದ್ದು ನಿವೃತ್ತನಾದವನು. ಓದಿದ್ದು ಎಸ್ಸೆಸ್ಸೆಲ್ಸಿ. ಹಸಿರು ಕಂಡರೆ ಎಲ್ಲವೂ ಸರಿಯಿದೆ ಎಂದು ಇಡೀ ನೌಕರಿ ನಂಬಿದವನು. ಮೀನಿನ ವಿಷಯದಲ್ಲಿ ಅದು ಉಪಯೋಗಕ್ಕೆ ಬರಲಿಲ್ಲ.

ಮೀನಿನ ತೊಟ್ಟಿ ನಮ್ಮ ಮನೆಗೆ ಬಂದದ್ದು ತರೀಕೆರೆಯಿಂದ. ಅಲ್ಲಿಯ ಒಬ್ಬ ಡಾಕ್ಟರ ಹತ್ತಿರ ಅವಳು ಸಕ್ಕರೆಗೆ ತೋರಿಸುತ್ತಿದ್ದಳು. ಕಾಯುವ ಕೋಣೆಯಲ್ಲಿ ಒಂದು ಅಕ್ವೇರಿಯಂ ಇತ್ತು. ಒಂದು ದಿನ ಒಳಗೆ ಬಿ.ಪಿ. ನೋಡಿದಾಗ ಎಂದಿಗಿಂತ ಕಡಿಮೆ ಬಂತು. ಡಾಕ್ಟರು ನಗುತ್ತಾ, "ಏನಮ್ಮ, ಮೀನು ನೋಡ್ತಾ ಕೂತಿದ್ರಾ?" ಎಂದರು. ಅವರು ತಮಾಷೆಗೆ ಹೇಳಿದ್ದನ್ನು ಅವಳು ಔಷಧಿ ಚೀಟಿ ಎಂದು ತಿಳಿದಳು. ಸಂಜೆ ಬಸ್ಸಿನಿಂದ ಇಳಿದಾಗ ಅವಳ ಕೈಯಲ್ಲಿ ಎರಡು ಅಡಿ ಉದ್ದದ ಗಾಜಿನ ತೊಟ್ಟಿ ಇತ್ತು. ಹೆಗಲಿಗೆ ನೇತುಹಾಕಿದ ಚೀಲದಲ್ಲಿ, ಪ್ಲಾಸ್ಟಿಕ್ ಕವರಿನ ನೀರಿನೊಳಗೆ ಐದು ಮೀನು. ತೊಟ್ಟಿಗೆ ಕಂಡಕ್ಟರು ಲಗೇಜ್ ಟಿಕೆಟ್ ಹರಿದಿದ್ದನಂತೆ. ಮೀನಿಗೆ ಕೇಳಲಿಲ್ಲವಂತೆ.

ನಮ್ಮದು ಲಿಂಗಾಯತರ ಮನೆ. ಮೀನು ಹೊಸ್ತಿಲು ದಾಟಿದ್ದು ಅದೇ ಮೊದಲು. ಮಾರನೆಯ ದಿನ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಬಗ್ಗಿ ಕೇಳಿದಳು.

"ಏನ್ ಕಣಮ್ಮ, ನಿಮ್ಮನೇಗೆ ಮೀನು ಬಂತಂತೆ?"

"ಹೂಂ ಕಣೇ, ಐದು."

"ಸಾರಿಗೋ, ಹುರಿಯಕ್ಕೋ?"

"ನಿನ್ನ ಕರೀತೀನಿ ಬಿಡು, ಕೂತ್ಕಂಡು ನೋಡೂವಂತೆ."

ನಮ್ಮ ಮನೆಯ ಪೂಜೆ ಮಾಡಿಸುವ ಅಯ್ಯನವರು ಬರುವ ದಿನ ಅವಳು ತೊಟ್ಟಿಯ ಮೇಲೆ ಸೀರೆ ಹೊದಿಸಿದ್ದಳು. ಒಳಗೆ ಮೋಟಾರು ಬುಳುಬುಳು ಎನ್ನುತ್ತಿತ್ತು. ಅಯ್ಯನವರು ಪಾದಪೂಜೆ ಮುಗಿಸಿಕೊಂಡು ತಾವೇ ಎದ್ದು ಹೋಗಿ ಸೀರೆ ಎತ್ತಿದರು. ಕಾಲು ಗಂಟೆ ನೋಡಿದರು. ಕೊನೆಗೆ, "ಆ ಕರೀದು ಊಟ ಸರಿಯಾಗಿ ಮಾಡ್ತೈತಾ?" ಎಂದರು. ಆಮೇಲೆ ಯಾರೂ ಏನೂ ಕೇಳಲಿಲ್ಲ.

ತೊಟ್ಟಿಯನ್ನು ನಾನು ಮುಟ್ಟುವ ಹಾಗಿರಲಿಲ್ಲ. ಬೆಳಿಗ್ಗೆ ಒಂದು ಚಿಟಿಕೆ ಕಾಳು ಹಾಕುತ್ತಿದ್ದಳು. ಸಂಜೆ ಮುಚ್ಚಳದ ಲೈಟು ಹಾಕುತ್ತಿದ್ದಳು. ಎಂಟೂವರೆಗೆ ಆರಿಸುತ್ತಿದ್ದಳು. ನನಗೆ ಗೊತ್ತಿದ್ದದ್ದು ಇಷ್ಟು. ನೀರು ಯಾವಾಗಲೂ ಗಾಜಿನಂತೆ ಇರುತ್ತಿತ್ತು. ನೀರೆಂದರೆ ಹಾಗೇ ಇರುತ್ತದೆ ಎಂದುಕೊಂಡಿದ್ದೆ.

ಆಸ್ಪತ್ರೆಯಿಂದ ಅವಳನ್ನು ಮನೆಗೆ ತಂದ ಬೆಳಿಗ್ಗೆ ಮುಂದಿನ ಹಾಲಿನಲ್ಲಿ ಕೂರಿಸಲು ಜಾಗ ನೋಡಿದರು. ನಮ್ಮಲ್ಲಿ ಸತ್ತವರನ್ನು ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಖಾಲಿ ಗೋಡೆ ಇದ್ದದ್ದು ತೊಟ್ಟಿಯ ಪಕ್ಕದಲ್ಲಿ ಮಾತ್ರ. ನೀರು ತುಂಬಿದ ತೊಟ್ಟಿಯನ್ನು ಸರಿಸಲು ಆಗುವುದಿಲ್ಲ. ಹಾಗಾಗಿ ಅವಳು ಮೀನಿನ ಪಕ್ಕದಲ್ಲೇ ಕೂತಳು.

ಪಕ್ಕದಲ್ಲಿ ಎಣ್ಣೆ ದೀಪ ಹಚ್ಚಿದವರು ನಮ್ಮ ಅತ್ತಿಗೆ, ಅಂದರೆ ನನ್ನ ಹೆಂಡತಿಯ ಅಕ್ಕ. ಅಜ್ಜಂಪುರದಲ್ಲಿ ಇರುತ್ತಾರೆ. ತಂಗಿಗಿಂತ ಒಂಬತ್ತು ವರ್ಷ ದೊಡ್ಡವರು, ಎತ್ತಿ ಆಡಿಸಿದವರು. ಹನ್ನೊಂದನೆಯ ದಿನದ ಶಿವಗಣಾರಾಧನೆಯ ತನಕ ಆ ದೀಪ ಆರಬಾರದು ಎಂದರು. ಜನ ಹೆಚ್ಚಾಗಿ ಸೆಕೆ ಆಯಿತು. ಯಾರೋ ಫ್ಯಾನು ಹಾಕಿದರು. ದೀಪ ಆರಿತು. ಹಚ್ಚಿದರು. ಮತ್ತೆ ಆರಿತು. ಮೂರನೆಯ ಸಲ ಅತ್ತಿಗೆ ತೊಟ್ಟಿಯ ಕಡೆ ತಿರುಗಿ ಮುಚ್ಚಳದ ಲೈಟಿನ ಸ್ವಿಚ್ಚು ಒತ್ತಿದರು.

"ಇದೇ ಇರ್ಲಿ. ಇದು ಗಾಳಿಗೆ ಹೋಗಲ್ಲ."

ಯಾರೂ ಬೇಡವೆನ್ನಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಅವಳ ಫೋಟೊ ಇಡಲು ಒಂದು ಮಟ್ಟಸವಾದ ಜಾಗ ಬೇಕಾಯಿತು. ಅದನ್ನೂ ತೊಟ್ಟಿಯ ಮುಚ್ಚಳದ ಮೇಲೇ ಇಟ್ಟರು. ಸಂಜೆ ಕರೆಂಟ್ ಹೋದಾಗ ಅತ್ತಿಗೆ ನನ್ನ ಮುಖ ನೋಡಿದರು. ಮಾರನೆಯ ದಿನ ಆ ಲೈಟಿಗೆ ಯುಪಿಎಸ್ ಲೈನು ಕೊಡಿಸಿದೆ.

ಮಾತಾಡಿಸಲು ಬಂದವರೆಲ್ಲ ಫೋಟೊಗೆ ಕೈ ಮುಗಿದು, ಕೆಳಗೆ ನೋಡಿ, ಮೀನಿನ ಕಾಳಿನ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ನೀರಿಗೆ ಹಾಕಿದರು. "ಪಾಪ, ಅವಳು ಹಾಕ್ತಿದ್ಲು" ಎಂದರು. ಒಬ್ಬರು ಹಾಕಿದ್ದನ್ನು ನೋಡಿ ಇನ್ನೊಬ್ಬರು ಹಾಕಿದರು. ಹಾಕದಿದ್ದರೆ ದುಃಖ ಸಾಲದು ಎಂದು ತಿಳಿಯುತ್ತಾರೆಂದು ಕೆಲವರು ಹಾಕಿದರು. ಡಬ್ಬಿ ಖಾಲಿಯಾಯಿತು. ನಾನೇ ಬಸ್ ಸ್ಟ್ಯಾಂಡಿನ ಹತ್ತಿರ ಹೋಗಿ ಇನ್ನೊಂದು ತಂದು ಇಟ್ಟೆ. ಬಂದವರಿಗೆ ಇಲ್ಲವೆನ್ನಬಾರದಲ್ಲ. ಹನ್ನೊಂದನೆಯ ದಿನ ಎಡೆಗೆ ಇಟ್ಟ ಹೋಳಿಗೆಯಲ್ಲಿ ಒಂದು ಚೂರನ್ನೂ ಯಾರೋ ಹಾಕಿದರು. ಮೀನು ಹೂರಣ ತಿಂದು ಕಣಕ ಬಿಟ್ಟಿತು.

ಹನ್ನೆರಡನೆಯ ದಿನ ಬೆಳಿಗ್ಗೆ ಲೈಟು ಆರಿಸೋಣವೆಂದು ಸ್ವಿಚ್ಚಿಗೆ ಕೈ ಹಾಕಿದೆ. ಅತ್ತಿಗೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು.

"ಇರ್ಲಿ ಬಿಡಪ್ಪ. ಇನ್ನೊಂದಿನ."

ನಾನು ಕೈ ತೆಗೆದೆ. ಅದು ಸುಮಾರು ಎರಡು ತಿಂಗಳು ಉರಿಯಿತು.

ಅತ್ತಿಗೆ ಊರಿಗೆ ಹೋದ ಮೇಲೂ ಪ್ರತಿ ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಮೊದಲ ಸೋಮವಾರ ತೊಟ್ಟಿಯ ನೀರು ನಾಲ್ಕು ಬೆರಳು ಇಳಿದಿದ್ದನ್ನು ಕಂಡರು. ಎರಡನೆಯ ಸೋಮವಾರ ಐದು ಲೀಟರಿನ ಕ್ಯಾನು ಹಿಡಿದುಕೊಂಡು ಬಂದರು. ಅಕ್ಕ ತಂಗಿಯರ ತವರು ಬುಕ್ಕಾಂಬುಧಿ. ಅಲ್ಲಿಯ ದೊಡ್ಡ ಕೆರೆಯಲ್ಲಿ ಇಬ್ಬರೂ ಈಜು ಕಲಿತವರು. ಅಜ್ಜಂಪುರದಿಂದ ಹೋಗಿ, ಆ ಕೆರೆಯ ನೀರು ತುಂಬಿಸಿ, ಎರಡು ಬಸ್ಸು ಬದಲಾಯಿಸಿ ತಂದಿದ್ದರು.

"ತವರಿನ ನೀರು ಕಣಪ್ಪ. ಕೊನೇಗಾಲದಲ್ಲಿ ಒಂದು ಸಲ ಹೋಗ್ಬೇಕು ಅಂತಿದ್ಲು. ಹೋಗಕ್ಕಾಗ್ಲಿಲ್ಲ. ನೀರಾದ್ರೂ ಬರ್ಲಿ."

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಫೋಟೊ ಸರಿಸಿ, ಮುಚ್ಚಳ ಎತ್ತಿ, ಕ್ಯಾನು ಬಗ್ಗಿಸಿದರು. ಮಿಕ್ಕ ಅರ್ಧ ಲೀಟರನ್ನು ಬಾಟಲಿಗೆ ತುಂಬಿ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟರು. ಆಮೇಲಿನ ಸೋಮವಾರಗಳಲ್ಲೂ ಕ್ಯಾನು ಬಂತು.

ಮೂರನೆಯ ವಾರ ಒಂದು ಕೆಂಪು ಮೀನು ಸತ್ತಿತು. ಹಿತ್ತಲಿನ ಮಲ್ಲಿಗೆ ಗಿಡದ ಬುಡದಲ್ಲಿ ಗುಂಡಿ ತೋಡಿದೆ. ನಮ್ಮ ಪದ್ಧತಿಯಲ್ಲಿ ಕೂರಿಸಿ ಮಣ್ಣು ಮಾಡಬೇಕು. ಮೀನನ್ನು ಕೂರಿಸಲು ಬರುವುದಿಲ್ಲ. ಮಲಗಿಸಿದೆ. ಅವತ್ತು ಸೋಮವಾರವಾದ್ದರಿಂದ ಅತ್ತಿಗೆ ಇದ್ದರು. ಒಂದು ಚಿಟಿಕೆ ವಿಭೂತಿ ತಂದು ಹಾಕಿದರು. ನಾನು ಒಳಗೆ ಬಂದು ಫೋಟೊದ ಕಡೆ ನೋಡದೆ ಕೈ ತೊಳೆದುಕೊಂಡೆ. ನೋಡಿಕೊಳ್ಳುತ್ತೇನೆ ಎಂದು ಹೇಳಿ ಇನ್ನೂ ತಿಂಗಳಾಗಿರಲಿಲ್ಲ.

ಅಷ್ಟರಲ್ಲಿ ನೀರು ಹಸಿರಾಗತೊಡಗಿತ್ತು. ಮೊದಲು ಮೂಲೆಯಲ್ಲಿ ಒಂದು ಪೊರೆ. ಆಮೇಲೆ ಗಾಜಿನ ತುಂಬ. ಆಮೇಲೆ ನೀರೇ ಸೊಪ್ಪು ಬೇಯಿಸಿದ ಹಾಗಾಯಿತು. ಲೈಟು ಉರಿಯುತ್ತಲೇ ಇತ್ತು. ಹಾಲಿನ ತುಂಬ ಹಸಿರು ಬೆಳಕು, ಮೇಲೆ ಅವಳ ಫೋಟೊ. ಪಕ್ಕದ ಮನೆಯಾಕೆ ಬಂದು ನೋಡಿ, "ಪರ್ವಾಗಿಲ್ಲ ಕಣಣ್ಣ, ಕಣ್ಣಿಗೆ ತಂಪಾಗೈತೆ" ಎಂದಳು. ನಾನು ಬೇಕೆಂದೇ ಮಾಡಿಸಿದ್ದೇನೆ ಎಂದುಕೊಂಡಿದ್ದಳು. ಮೀನು ಗಾಜಿನ ತೀರ ಹತ್ತಿರ ಬಂದರೆ ಮಾತ್ರ ಕಾಣುತ್ತಿತ್ತು. ಕಪ್ಪು ಮೀನು ಎರಡು ದಿನ ಕಾಣಲೇ ಇಲ್ಲ.

ಒಂದು ಬೆಳಿಗ್ಗೆ ಬಟ್ಟೆ ತೆಗೆದುಕೊಂಡು ಗಾಜು ಒರೆಸಲು ಕೂತೆ. ಅರ್ಧ ಗಂಟೆ ಒರೆಸಿದ ಮೇಲೆ ಪಾಚಿ ಇರುವುದು ಒಳಗಡೆ ಎಂದು ತಿಳಿಯಿತು. ಒಳಗೆ ಉಜ್ಜಲು ಏನಾದರೂ ಸಿಗುತ್ತದೆಯೇ ಎಂದು ತೊಟ್ಟಿಯ ಸ್ಟ್ಯಾಂಡಿನ ಕೆಳಗಿನ ಡ್ರಾಯರು ಎಳೆದೆ. ಒಂದು ರಬ್ಬರ್ ಪೈಪು, ಒಂದು ಸಣ್ಣ ಬಲೆ, ಮಡಿಸಿದ ಹಳೆಯ ಟವೆಲ್ಲು ಇದ್ದವು. ಟವೆಲ್ಲಿನೊಳಗೆ ನನ್ನ ಹಳೆಯ ರೈಲ್ವೆ ಗುರುತಿನ ಚೀಟಿ ಇತ್ತು.

ಅದು ಲ್ಯಾಮಿನೇಷನ್ ಮಾಡಿಸಿದ ದಪ್ಪ ಚೀಟಿ. ನಿವೃತ್ತನಾಗುವ ಹಿಂದಿನ ವರ್ಷ ಕಳೆದುಹೋಗಿತ್ತು. ಎರಡು ದಿನ ಹುಡುಕಿದ್ದೆ. ಅವಳೂ ನನ್ನ ಜೊತೆ ಮಂಚದ ಕೆಳಗೆಲ್ಲ ಬಗ್ಗಿ ಹುಡುಕಿದ್ದಳು. ಈಗ ಅದರ ಒಂದು ಅಂಚು ಸವೆದು ನುಣ್ಣಗಾಗಿತ್ತು, ಆ ಅಂಚಿನ ಉದ್ದಕ್ಕೂ ಹಸಿರು ಕಲೆ ಹತ್ತಿತ್ತು. ನನ್ನ ಫೋಟೊದ ಗದ್ದದ ತನಕ ಪಾಚಿ ಬಂದಿತ್ತು.

ಅದನ್ನು ಹಿಡಿದುಕೊಂಡು ನೆಲದ ಮೇಲೆ ತುಂಬ ಹೊತ್ತು ಕೂತಿದ್ದೆ. ನಮ್ಮ ತೊಟ್ಟಿಯಲ್ಲಿ ಪಾಚಿ ಕಟ್ಟುವುದಿಲ್ಲ ಎಂದು ನಾನು ನಂಬಿದ್ದೆ. ಕಟ್ಟುತ್ತಿತ್ತು. ನಾನು ಡ್ಯೂಟಿಗೆ ಹೋದ ಮೇಲೆ ಅವಳು ಈ ಚೀಟಿಯಿಂದ ಕೆರೆದು ತೆಗೆಯುತ್ತಿದ್ದಳು. ಡ್ರಾಯರಿನ ಒಳಬದಿಗೆ ಅಂಟಿಸಿದ ಕಾಗದದಲ್ಲಿ ಅವಳ ಅಕ್ಷರದಲ್ಲಿ ಬರೆದಿತ್ತು: ಸೋಮವಾರ, ಎರಡು ಬಕೆಟ್ ನೀರು, ಹಿಂದಿನ ದಿನವೇ ಹಿಡಿದಿಡುವುದು. ಬೇರೇನೂ ಬರೆದಿರಲಿಲ್ಲ.

ನಾನೂ ಆ ಗುರುತಿನ ಚೀಟಿಯಿಂದಲೇ ಗಾಜು ಕೆರೆದೆ. ಎರಡು ದಿನಕ್ಕೆ ಮತ್ತೆ ಹಸಿರಾಯಿತು. ನೀರಿನ ಬಣ್ಣವಂತೂ ಬದಲಾಗಲೇ ಇಲ್ಲ. ಕಡೆಗೆ ಸಂಪಿನ ನೀರಿಗೆ ಹಾಕುವ ಬ್ಲೀಚಿಂಗ್ ಪೌಡರಿನ ಪೊಟ್ಟಣ ತೆಗೆದೆ. ಒಂದು ಚಮಚ ತುಂಬಿಕೊಂಡು ತೊಟ್ಟಿಯ ಮುಂದೆ ನಿಂತೆ. ಆಗ ಕಪ್ಪು ಮೀನು ಮೇಲೆ ಬಂದು ನೀರಿನ ಮಟ್ಟದಲ್ಲಿ ಬಾಯಿ ತೆರೆಯಿತು. ಊಟ ಎಂದುಕೊಂಡಿತ್ತೋ ಏನೋ. ಚಮಚ ಕೆಳಗಿಟ್ಟು ತರೀಕೆರೆ ಬಸ್ಸು ಹತ್ತಿದೆ.

ಅವಳು ತೊಟ್ಟಿ ಕೊಂಡಿದ್ದ ಅಂಗಡಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿತ್ತು. ಅಂಗಡಿಯವನು ಫೋನಿನಲ್ಲಿ ಯಾವುದೋ ಹೋಂಸ್ಟೇಯವರೊಂದಿಗೆ ಮಾತಾಡುತ್ತಿದ್ದ. ಅವರ ಈಜುಕೊಳ ಹಸಿರಾಗಿತ್ತಂತೆ. "ಫಿಲ್ಟರ್ ನಿಲ್ಸಿ ಎಷ್ಟು ದಿನ ಆಯ್ತು? ಬಿಸ್ಲಲ್ಲಿ ನಿಂತ ನೀರು, ಇನ್ನೇನಾಗುತ್ತೆ ಸ್ವಾಮಿ" ಎಂದು ಬೈದು ಫೋನಿಟ್ಟು ನನ್ನ ಕಡೆ ತಿರುಗಿದ.

"ನಿಮ್ದೇನು ಸಾರ್?"

"ನಮ್ದೂ ಅದೇ. ಸಣ್ಣದು."

"ಲೈಟು ದಿನಕ್ಕೆಷ್ಟು ಗಂಟೆ ಹಾಕ್ತೀರಾ?"

"ಇಪ್ಪತ್ನಾಲ್ಕು."

"ಇಪ್ಪತ್ನಾಲ್ಕಾ? ಯಾರಾದ್ರೂ ಹಂಗೆ ಬಿಡ್ತಾರಾ ಸಾರ್?"

"ಮನೇಲಿ ಸಾವಾಗಿತ್ತು."

ಅವನು ದನಿ ತಗ್ಗಿಸಿ ಕೇಳಿದ.

"ಊಟ ಎಷ್ಟು ಹಾಕ್ತಿದ್ರಿ?"

"ಬಂದೋರೆಲ್ಲ ಹಾಕಿದ್ರು."

"ಎಷ್ಟು ಜನ ಬಂದಿದ್ರು?"

"ಹನ್ನೊಂದನೇ ದಿನಕ್ಕೇ ನಾನೂರು ಎಲೆ ಆಯ್ತು. ಅವತ್ತು ಹೋಳಿಗೆನೂ ಬಿತ್ತು."

"ನೀರು ಎಲ್ಲೀದು? ನಲ್ಲೀದಾ, ಬೋರಿಂದಾ?"

"ಬುಕ್ಕಾಂಬುಧಿ ಕೆರೇದು."

ಅವನು ಮುಂದಿದ್ದ ಸ್ಟೂಲಿನ ಮೇಲೆ ಕೂತ.

"ಸಾರ್, ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಪಾಚಿ ಎಲ್ಲಿಂದ ಬಂತು ಅಂತ ಹುಡುಕ್ಬಾರ್ದು. ಅದು ಗಾಳೀಲೂ ಇರುತ್ತೆ, ಗಿಡಕ್ಕೂ ಅಂಟ್ಕೊಂಡಿರುತ್ತೆ, ಕೈಯಲ್ಲೂ ಬರುತ್ತೆ. ಬಂದ್ರೂ ಸುಮ್ನಿರುತ್ತೆ. ಬೆಳಕು, ಊಟ ಎರಡೂ ಹೆಚ್ಚಾಯ್ತು ಅಂದ್ರೆ ಎದ್ದು ಕೂರುತ್ತೆ. ನೀವು ಬೆಳಕೂ ಕೊಟ್ರಿ, ಊಟಾನೂ ಹಾಕಿದ್ರಿ, ಸಾಲ್ದೂಂತ ಕೆರೆಯಿಂದ ಬೀಜಾನೂ ತಂದು ಹಾಕಿದೀರಾ. ಇದು ತೊಟ್ಟಿಯಲ್ಲ ಸಾರ್, ಗದ್ದೆ."

"ಔಷಧಿ ಇಲ್ವಾ?"

"ಈಜುಕೊಳಕ್ಕಾದ್ರೆ ಹೊಡೀತಾರೆ. ಅಲ್ಲಿ ಜನ ಎದ್ದು ಆಚೆ ಹೋಗ್ತಾರೆ. ಮೀನು ಎಲ್ಲಿಗೆ ಹೋಗುತ್ತೆ?"

ನಾನು ಬ್ಲೀಚಿಂಗ್ ಪೌಡರಿನ ವಿಷಯ ಎತ್ತಲಿಲ್ಲ. ಸತ್ತ ಮೀನಿನ ವಿಷಯ ಹೇಳಿದೆ. "ತಿಂದು ಸತ್ತಿರುತ್ತೆ" ಎಂದ. ಆಮೇಲೆ ಮಾಡಬೇಕಾದ್ದನ್ನು ಹೇಳಿದ. ಮೂರರಲ್ಲೊಂದು ಭಾಗ ನೀರು ತೆಗೆದು, ಹಿಂದಿನ ದಿನ ಹಿಡಿದಿಟ್ಟ ನಲ್ಲಿ ನೀರು ತುಂಬಬೇಕು. ಗಾಳಿಯ ಮೋಟಾರು ನಿಲ್ಲಿಸಬಾರದು. ಲೈಟು ಪೂರ್ತಿ ಆರಿಸಿ, ಒಂದು ಗೆರೆ ಬೆಳಕೂ ಹೋಗದಂತೆ ತೊಟ್ಟಿಗೆ ಕಂಬಳಿ ಹೊದಿಸಿ ನಾಲ್ಕು ದಿನ ಬಿಡಬೇಕು. ಆ ನಾಲ್ಕು ದಿನ ಊಟ ಹಾಕಲೇಬಾರದು.

"ಏನೂ ಹಾಕ್ಬಾರ್ದಾ?"

"ಒಂದು ಕಾಳೂ ಬೇಡ. ಮೀನು ಸಾಯಲ್ಲ ಸಾರ್. ಪಾಚಿ ಸಾಯುತ್ತೆ. ನೀವು ಹೆಂಗೂ ಮುಂದಿನ ತಿಂಗಳದ್ದೂ ಸೇರ್ಸಿ ಹಾಕಿದೀರಾ."

ವಾಪಸ್ಸು ಬರುವಾಗ ಬೀರೂರಿನಲ್ಲಿ ಬಸ್ಸು ನಿಂತಿತು. ಅಲ್ಲಿಂದ ಅಯ್ಯನವರಿಗೆ ಫೋನು ಮಾಡಿದೆ. ದೀಪ ಯಾವಾಗ ಶಾಂತ ಮಾಡಬಹುದು ಎಂದು ಕೇಳಿದೆ.

"ಯಾವ ದೀಪ?"

"ನಮ್ಮನೇದು. ಅವಳ ಫೋಟೊದ್ದು."

"ಅಯ್ಯೋ, ಹನ್ನೊಂದನೇ ದಿನಕ್ಕೇ ಮುಗೀತಲ್ಲಪ್ಪ! ಇನ್ನೂ ಉರೀತೈತಾ? ಯಾರು ಹೇಳಿದ್ರು ನಿಂಗೆ?"

ಯಾರೂ ಹೇಳಿರಲಿಲ್ಲ.

ಮಾರನೆಯ ದಿನ, ಶುಕ್ರವಾರ ಮಧ್ಯಾಹ್ನ, ನೀರು ಬದಲಾಯಿಸಿದೆ. ಫೋಟೊ ತೆಗೆದು ಕ್ಯಾಲೆಂಡರಿನ ಮೊಳೆಗೆ ಹಾಕಿದೆ. ಸ್ವಿಚ್ಚು ಒತ್ತಿದೆ. ಎರಡು ತಿಂಗಳಲ್ಲಿ ಮೊದಲ ಸಲ ಹಾಲಿನ ಗೋಡೆಗಳು ತಮ್ಮ ಬಣ್ಣಕ್ಕೆ ಬಂದವು. ಅವಳು ಮಳೆಗಾಲದಲ್ಲಿ ಹೊದೆಯುತ್ತಿದ್ದ ಕರಿ ಕಂಬಳಿ ತಂದು ತೊಟ್ಟಿಗೆ ಹೊದಿಸಿ, ಅಂಚುಗಳಿಗೆ ಬಟ್ಟೆ ಕ್ಲಿಪ್ಪು ಹಾಕಿದೆ. ಒಳಗಿನಿಂದ ಬುಳುಬುಳು ಎನ್ನುವುದು ಮಾತ್ರ ಕೇಳಿಸುತ್ತಿತ್ತು. ಎದುರಿನ ಕುರ್ಚಿಯಲ್ಲಿ ಕೂತು ಕಂಬಳಿ ನೋಡಿದೆ. ಬೇರೆ ಕೆಲಸ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಅತ್ತಿಗೆ ಬಂದರು. ಕೈಯಲ್ಲಿ ಕ್ಯಾನು. ಬಾಗಿಲಲ್ಲೇ ನಿಂತರು.

"ಆರಿಸಿಬಿಟ್ಯಾ?"

"ಹೂಂ."

"ನನ್ನ ಒಂದ್ ಮಾತ್ ಕೇಳ್ಲಿಲ್ಲ."

"ಅಯ್ಯನೋರ್ನ ಕೇಳ್ದೆ ಅತ್ತಿಗೆ. ಹನ್ನೊಂದು ದಿನಕ್ಕೇ ಮುಗಿದಿತ್ತಂತೆ."

"ಅವರಿಗೇನ್ ಗೊತ್ತು? ಅವರೇನು ಅವಳ ಎತ್ಕಂಡು ಆಡಿಸಿದ್ರಾ?" ಕಂಬಳಿ ನೋಡಿದರು. "ಇದೇನು, ಅವಳ ಕಂಬ್ಳಿ!"

"ಬೆಳಕು ಹೋಗ್ಬಾರ್ದಂತೆ. ನಾಲ್ಕು ದಿನ ಊಟಾನೂ ಹಾಕ್ಬಾರ್ದಂತೆ."

"ಕತ್ತಲೇಲಿ ಕೂಡಿ ಹಾಕಿ ಉಪವಾಸ ಕೆಡವಿದೀಯ. ನೋಡ್ಕೋ ಅಂದ್ರೆ ಹಿಂಗಾ ನೋಡ್ಕೊಳ್ಳೋದು? ಸರಿ, ಈ ನೀರಾದ್ರೂ ಹಾಕ್ಲಾ?"

"ಬೇಡ ಅತ್ತಿಗೆ."

"ತವರಿನ ನೀರು ಬ್ಯಾಡ ಅಂತೀಯಾ?"

"ಮೀನಿಗೆ ಬ್ಯಾಡ."

ಅವರು ಕ್ಯಾನನ್ನು ತೊಡೆಯ ಮೇಲೆ ಇಟ್ಟುಕೊಂಡು ಕುರ್ಚಿಯಲ್ಲಿ ಕೂತರು. ಮಧ್ಯಾಹ್ನ ಊಟಕ್ಕೆ ಮಾತ್ರ ಎದ್ದರು. ಎಂದಿನ ಸಂಜೆ ಬಸ್ಸಿಗೆ ಹೋಗಲಿಲ್ಲ. "ಕಂಬ್ಳಿ ತೆಗೆಯೋದು ನೋಡ್ಕಂಡೇ ಹೋಗ್ತೀನಿ" ಎಂದರು. ಅದು ಬೆದರಿಕೆಯ ಹಾಗಿತ್ತು. ತೆಗೆದಾಗ ಮೀನು ತೇಲುತ್ತಿದ್ದರೆ ನಾನು ಅವರಿಗೂ ಉತ್ತರ ಹೇಳಬೇಕು, ಮೊಳೆಯ ಮೇಲಿದ್ದವಳಿಗೂ.

ಮಂಗಳವಾರ ಬೆಳಿಗ್ಗೆ ಅತ್ತಿಗೆ ಕಾಫಿ ಮಾಡಲು ಹೋದವರು ಒಳಗಿನಿಂದಲೇ ಕರೆದರು. ಹೋದೆ. ಕಿಟಕಿಯಲ್ಲಿದ್ದ ಬಾಟಲಿಯನ್ನು ಬೆಳಕಿಗೆ ಹಿಡಿದಿದ್ದರು. ಅವರೇ ಮೊದಲ ಸಲ ತಂದು ಮಿಕ್ಕಿಸಿಟ್ಟ ಕೆರೆಯ ನೀರು. ಅದಕ್ಕೆ ಯಾರೂ ಊಟ ಹಾಕಿರಲಿಲ್ಲ. ಬಿಸಿಲು ಮಾತ್ರ ಬಿದ್ದಿತ್ತು. ಸೊಗಸಾಗಿ ಹಸಿರಾಗಿತ್ತು.

"ಇದಕ್ಕೂ ಬಂದೈತಲ್ಲೋ."

"ಹೂಂ."

"ನಮ್ಮ ಕೆರೆ ನೀರಲ್ಲೇ ಇತ್ತಾ ಹಂಗಾದ್ರೆ?"

"ಎಲ್ಲಾ ನೀರಲ್ಲೂ ಇರುತ್ತಂತೆ ಅತ್ತಿಗೆ. ನಿಮ್ಮ ಕೆರೇಲಿ ಸ್ವಲ್ಪ ಧಾರಾಳ."

ಅವರು ಬಾಟಲಿಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದರು. "ಈಜಿ ಬಂದ್ರೆ ಅವಳ ಜಡೆಯೆಲ್ಲ ಹಿಂಗೇ ಹಸ್ರಾಗಿರೋದು. ಅಮ್ಮ ಬಡಿಯೋಳು" ಎಂದರು. ಆಮೇಲೆ ಬಾಟಲಿಯನ್ನೂ ಕ್ಯಾನನ್ನೂ ಹಿತ್ತಲಿಗೆ ತೆಗೆದುಕೊಂಡು ಹೋಗಿ ಮಲ್ಲಿಗೆ ಬುಡಕ್ಕೆ ಸುರಿದು ಬಂದರು. ಕಣ್ಣು ಒರೆಸಿಕೊಂಡರು. ನಾನು ಕಾಫಿ ಸೋಸಿದೆ.

ಮಧ್ಯಾಹ್ನ ಕ್ಲಿಪ್ಪು ಬಿಚ್ಚಿದೆ. ಅತ್ತಿಗೆ ಪಕ್ಕದಲ್ಲಿ ನಿಂತು ಕಂಬಳಿಯ ಇನ್ನೊಂದು ತುದಿ ಹಿಡಿದರು. ನೀರು ಪೂರ್ತಿ ತಿಳಿಯಾಗಿರಲಿಲ್ಲ, ಮಬ್ಬಾಗಿತ್ತು. ತಳದಲ್ಲಿ ಕಂದು ಬಣ್ಣದ ಕೆಸರು ಕೂತಿತ್ತು. ಆದರೆ ಹಿಂದಿನ ಗೋಡೆ ಕಾಣುತ್ತಿತ್ತು.

"ಒಂದು. ಎರಡು," ಅತ್ತಿಗೆ ಗಾಜಿಗೆ ಬೆರಳು ಒತ್ತಿ ಎಣಿಸಿದರು. "ಮೂರು. ಕರೀದೆಲ್ಲೋ?"

ಮೋಟಾರಿನ ಹಿಂದಿನಿಂದ ಕಪ್ಪು ಮೀನು ಬಂತು. ನಮ್ಮಿಬ್ಬರನ್ನೂ ನೋಡಿತು. ಮೇಲೆ ಹೋಗಿ ಬಾಯಿ ತೆರೆಯಿತು.

"ಪಾಪ, ಹಸ್ಕಂಡೈತೆ" ಎಂದು ಅತ್ತಿಗೆಯ ಕೈ ಡಬ್ಬಿಗೆ ಹೋಯಿತು. ಅರ್ಧದಲ್ಲಿ ನಿಂತಿತು. "ಯಾವಾಗ ಹಾಕ್ಬೋದು?"

"ನಾಳೆ ಬೆಳಿಗ್ಗೆ. ಒಂದು ಚಿಟಿಕೆ."

"ನನ್ನ ಚಿಟಿಕೆನೋ, ನಿನ್ನ ಚಿಟಿಕೆನೋ?"

"ಅವಳ ಚಿಟಿಕೆ."

ಅತ್ತಿಗೆ ತಮ್ಮ ಬೆರಳು ನೋಡಿಕೊಂಡು ಡಬ್ಬಿ ಮುಚ್ಚಿದರು. ಚೀಲ ತರಲು ಒಳಗೆ ಹೋದರು.

ನಾನು ಡ್ರಾಯರಿನಿಂದ ಗುರುತಿನ ಚೀಟಿ ತೆಗೆದು, ಗಾಜಿಗೆ ಇನ್ನೂ ಅಂಟಿಕೊಂಡಿದ್ದ ಪೊರೆ ಕೆರೆಯತೊಡಗಿದೆ. ಮಂಗಳವಾರವಾಗಿತ್ತು, ಒಂದು ದಿನ ತಡ. ಕೆರೆಯುತ್ತಾ ಮೊಳೆಯ ಕಡೆ ನೋಡಿದೆ. ಫೋಟೊದಲ್ಲಿ ಅವಳು ಕನ್ನಡಕ ಹಾಕಿಕೊಂಡು, ಏನನ್ನೋ ಕೇಳಲು ಹೊರಟವಳ ಹಾಗೆ ಇದ್ದಾಳೆ. ಆ ಫೋಟೊ ಇರುವುದೇ ಹಾಗೆ.

"ಇಲ್ಲ ಕಣೇ, ಹಾಕಿಲ್ಲ" ಎಂದೆ. "ನಾಲ್ಕು ದಿನದಿಂದ ಹಾಕಿಲ್ಲ. ಆಸ್ಪತ್ರೇಲಿದ್ದಾಗ್ಲೂ ಮೂರು ಸಲ ಹಾಕಿರ್ಲಿಲ್ಲ."

"ಯಾರ ಹತ್ರ ಮಾತಾಡ್ತಿದೀಯಪ್ಪ?" ಅತ್ತಿಗೆ ಒಳಗಿನಿಂದ ಕೇಳಿದರು.

"ಮೀನಿನ ಹತ್ರ" ಎಂದೆ.

"ಏನಂತೆ?"

"ಏನೂ ಇಲ್ಲ. ನಾಲ್ಕೂ ಚೆನ್ನಾಗಿದಾವೆ."